ಬರೆದವರು ಸಿಗದಿದ್ದರೆ ಕಂಪನಿ ಮೇಲೆ ಕೇಸ್ ಹಾಕಬಹುದಾ?

"ಯಾರೋ ಒಂದು ತಾಣದಲ್ಲಿ ನನ್ನ ಬಗ್ಗೆ ಸುಳ್ಳು ಬರೆದಿದ್ದಾರೆ. ಬರೆದವರು ಯಾರು ಅಂತ ಗೊತ್ತಿಲ್ಲ. ಆ ತಾಣ ನಡೆಸುವ ಕಂಪನಿ ಮೇಲೇ ಕೇಸ್ ಹಾಕಬಹುದಾ?"

ಇಂಟರ್ನೆಟ್ ಕಾನೂನಿನ ಬಗ್ಗೆ ಬರೆಯುವ ನನಗೆ ಜಾಸ್ತಿ ಬರುವ ಪ್ರಶ್ನೆ ಇದೇ. ಕೇಳುವವರ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚು. ದೂರು ಕೊಟ್ಟು, ಉತ್ತರ ಬರದೆ, ಮತ್ತೆ ದೂರು ಕೊಟ್ಟು ಬಂದಿರುತ್ತಾರೆ.

ಯಾರೋ ಬರೆದ ಕ್ಷಣದಿಂದಲೇ ಕಂಪನಿ ಹೊಣೆ ಅಂತ ಹೆಚ್ಚಿನ ದೇಶಗಳ ಕಾನೂನು ಹೇಳುವುದಿಲ್ಲ. ವಿಷಯ ಗೊತ್ತಾದ ಮೇಲೂ ಕೈಕಟ್ಟಿ ಕೂತರೆ ಹೊಣೆ ಬರುತ್ತದೆ. ಸರಿ, ಕಂಪನಿಗೆ "ಗೊತ್ತಾಯಿತು" ಅಂತ ಯಾವಾಗಿನಿಂದ ಲೆಕ್ಕ? ನೀವು ಹೇಳಿದರೆ ಸಾಕಾ, ಕೋರ್ಟೇ ಹೇಳಬೇಕಾ? ಜಗಳವೆಲ್ಲ ಇರುವುದು ಇಲ್ಲಿ.

ಶುರುವಾಗಿದ್ದು ಅಮೆರಿಕದಲ್ಲಿ. 1991ರಲ್ಲಿ ಕಂಪ್ಯೂಸರ್ವ್ ಎಂಬ ಆನ್‌ಲೈನ್ ಸೇವೆಯ ಕಂಪನಿ ಮೇಲಿನ ಕೇಸಿನಲ್ಲಿ ಕೋರ್ಟ್ ಅದನ್ನು ಪುಸ್ತಕ ಮಾರುವವರಿಗೆ ಹೋಲಿಸಿತು. ಮಾರುವವರು ಪ್ರತಿ ಪುಟ ಓದಿರುವುದಿಲ್ಲ, ಹಾಗಾಗಿ ಹೊಣೆಯಿಲ್ಲ ಅಂದಿತು. 1995ರಲ್ಲಿ ಪ್ರಾಡಿಜಿ ಎಂಬ ಇನ್ನೊಂದು ಕಂಪನಿ ಸಿಕ್ಕಿಬಿತ್ತು. ಅದು ಕೆಟ್ಟ ಮಾತುಗಳನ್ನು ತೆಗೆದುಹಾಕುತ್ತಿತ್ತು. ತೆಗೆಯುತ್ತೀರಿ ಅಂದಮೇಲೆ ನೀವು ಸಂಪಾದಕರೇ, ಹಾಗಾಗಿ ಹೊಣೆ ನಿಮ್ಮದೇ ಅಂದಿತು ಕೋರ್ಟ್. ಅಂದರೆ ಕಸ ಗುಡಿಸಿದವರಿಗೆ ಶಿಕ್ಷೆ, ಕಣ್ಣು ಮುಚ್ಚಿಕೊಂಡವರಿಗೆ ರಕ್ಷಣೆ. ಇದನ್ನು ಸರಿಮಾಡಲು 1996ರಲ್ಲಿ ಅಲ್ಲಿನ ಸಂಸತ್ತು ಸೆಕ್ಷನ್ 230 ಎಂಬ ಕಾನೂನು ತಂದಿತು. ಬೇರೆಯವರು ಹಾಕಿದ ಮಾತಿಗೆ ತಾಣವನ್ನು ಪ್ರಕಾಶಕ ಅಂತ ಎಣಿಸಬಾರದು ಎಂಬುದು ಅದರ ತಿರುಳು.

ಆ ರಕ್ಷಣೆ ಎಷ್ಟು ದೂರ ಹೋಗುತ್ತದೆ ಅಂತ ತಿಳಿಯಲು ಒಂದು ಕೇಸ್ ಸಾಕು. 1995ರ ಏಪ್ರಿಲ್‌ನಲ್ಲಿ ಓಕ್ಲಹೋಮ ಸಿಟಿಯಲ್ಲಿ ಬಾಂಬ್ ಸಿಡಿದು 168 ಜನ ಸತ್ತರು. ಕೆಲವೇ ದಿನಗಳಲ್ಲಿ ಆ ಸಾವುಗಳನ್ನೇ ಹಾಸ್ಯ ಮಾಡುವ ಟೀಶರ್ಟ್‌ಗಳ ಜಾಹೀರಾತೊಂದು ಎಒಎಲ್ ಎಂಬ ಆನ್‌ಲೈನ್ ಸೇವೆಯಲ್ಲಿ ಕಾಣಿಸಿತು. ಕೆಳಗೆ ಸಿಯಾಟಲ್‌ನ ಒಬ್ಬರ ಮನೆ ಫೋನ್ ನಂಬರ್ ಇತ್ತು. ಅವರಿಗೂ ಟೀಶರ್ಟಿಗೂ ಯಾವ ಸಂಬಂಧವೂ ಇರಲಿಲ್ಲ. ಮನೆಯಿಂದಲೇ ವ್ಯವಹಾರ ಮಾಡುತ್ತಿದ್ದರಿಂದ ನಂಬರ್ ಬದಲಿಸುವ ಹಾಗೂ ಇರಲಿಲ್ಲ. ಒಂದು ಹಂತದಲ್ಲಿ ಸುಮಾರು ಎರಡು ನಿಮಿಷಕ್ಕೊಂದು ಬೈಗುಳದ ಕರೆ ಬರುತ್ತಿತ್ತು. ಅವರು ಕಂಪನಿಗೆ ಮತ್ತೆ ಮತ್ತೆ ಹೇಳಿದರು. ಒಂದನ್ನು ತೆಗೆದರೆ ಇನ್ನೊಂದು ಬಂತು. ಕೊನೆಗೆ ಕೇಸ್ ಹಾಕಿದರು. 1997ರಲ್ಲಿ ಮೇಲ್ಮನವಿ ಕೋರ್ಟ್, ದೂರು ತಲುಪಿದ ಮೇಲೂ ಕಂಪನಿಗೆ ಹೊಣೆಯಿಲ್ಲ ಅಂದಿತು. ಈ ತೀರ್ಪನ್ನು ಎಷ್ಟು ಸಲ ಓದಿದರೂ ನನಗೆ ಒಪ್ಪಿಕೊಳ್ಳಲು ಆಗಿಲ್ಲ.

ಯುರೋಪ್ ಬೇರೆ ದಾರಿ ಹಿಡಿಯಿತು. ಎಸ್ಟೋನಿಯಾದಲ್ಲಿ ಚಳಿಗಾಲಕ್ಕೆ ಸಮುದ್ರ ಹೆಪ್ಪುಗಟ್ಟಿದರೆ ಅದರ ಮೇಲೇ ರಸ್ತೆ ಆಗುತ್ತದೆ. 2006ರ ಜನವರಿಯಲ್ಲಿ, ಫೆರಿ ನಡೆಸುವ ಕಂಪನಿಯೊಂದು ಅಂಥ ರಸ್ತೆಯನ್ನು ಹಾಳುಮಾಡಿತು ಅಂತ ಡೆಲ್ಫಿ ಎಂಬ ಸುದ್ದಿತಾಣ ವರದಿ ಹಾಕಿತು. ಎರಡೇ ದಿನದಲ್ಲಿ 185 ಕಾಮೆಂಟ್ ಬಂದವು. ಸುಮಾರು ಇಪ್ಪತ್ತರಲ್ಲಿ ಬೆದರಿಕೆ, ಹೊಲಸು ಬೈಗುಳ. ಆರು ವಾರದ ಮೇಲೆ ವಕೀಲರ ಪತ್ರ ಬಂದಾಗ ತಾಣ ಅದೇ ದಿನ ಅವುಗಳನ್ನು ತೆಗೆಯಿತು. ಆದರೂ ಕೋರ್ಟ್ ಬಿಡಲಿಲ್ಲ. ಅಷ್ಟು ಸ್ಪಷ್ಟವಾಗಿ ತಪ್ಪಾದ ಮಾತನ್ನು ಯಾರೂ ಹೇಳದೆಯೇ ತೆಗೆಯಬೇಕಿತ್ತು ಅಂದಿತು. ಪರಿಹಾರ ಬರೀ 320 ಯೂರೊ, ಆದರೆ ಕೇಸ್ ಯುರೋಪಿನ ಮಾನವ ಹಕ್ಕುಗಳ ಕೋರ್ಟಿನವರೆಗೂ ಹೋಯಿತು. 2015ರಲ್ಲಿ ಅದೂ ಈ ತೀರ್ಪನ್ನು ಎತ್ತಿಹಿಡಿಯಿತು.

ಅದೇ 2015ರಲ್ಲಿ ಭಾರತದ ಸುಪ್ರೀಂ ಕೋರ್ಟ್ ಶ್ರೇಯಾ ಸಿಂಘಾಲ್ ಕೇಸಿನಲ್ಲಿ ಬೇರೆಯದೇ ಮಾತು ಹೇಳಿತು. ಕಂಪನಿಗೆ "ಗೊತ್ತಾಯಿತು" ಅನ್ನಬೇಕಾದರೆ ಕೋರ್ಟ್ ಆದೇಶವೋ ಸರ್ಕಾರದ ಸೂಚನೆಯೋ ಬರಬೇಕು, ಸಿಕ್ಕವರೆಲ್ಲ ದೂರು ಕೊಟ್ಟರೆ ಸಾಲದು. ಬ್ರೆಜಿಲ್‌ನ 2014ರ ಕಾನೂನೂ ಕೋರ್ಟ್ ಆದೇಶವನ್ನೇ ಕೇಳುತ್ತಿತ್ತು. 2025ರ ಜೂನ್‌ನಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಅದನ್ನು ಸಡಿಲಿಸಿ, ಎಷ್ಟೋ ವಿಷಯಗಳಲ್ಲಿ ನೊಂದವರ ದೂರೇ ಸಾಕು ಅಂದಿತು.

ಹಾಗಾದರೆ ಯಾವುದು ಸರಿ? ಎಲ್ಲಕ್ಕೂ ಒಂದೇ ಅಳತೆ ಇಟ್ಟಿದ್ದೇ ತಪ್ಪು ಅನ್ನುವುದು ನನ್ನ ಅಭಿಪ್ರಾಯ. ಒಬ್ಬರ ಖಾಸಗಿ ಚಿತ್ರವನ್ನು ಅವರ ಒಪ್ಪಿಗೆಯಿಲ್ಲದೆ ಹಾಕಿದರೆ, ಅದು ತಪ್ಪು ಅಂತ ತಿಳಿಯಲು ಜಡ್ಜ್ ಬೇಕಿಲ್ಲ. ಆ ಚಿತ್ರದಲ್ಲಿ ಇರುವವರು ಹೇಳಿದರೆ ಮುಗಿಯಿತು, ಗಂಟೆಗಳಲ್ಲಿ ಹೋಗಬೇಕು. ಸೆಕ್ಷನ್ 230ರ ಅಮೆರಿಕವೂ 2025ರ ಮೇನಲ್ಲಿ ಇದಕ್ಕೇ ಒಂದು ಕಾನೂನು ಮಾಡಿ 48 ಗಂಟೆಯ ಗಡುವು ಇಟ್ಟಿತು. ಎಐನಲ್ಲಿ ತಯಾರಿಸಿದ ನಕಲಿ ಚಿತ್ರಗಳೂ ಅದರಲ್ಲಿ ಸೇರಿವೆ. ಭಾರತದ 2021ರ ನಿಯಮ ಇಂಥ ಚಿತ್ರಗಳಿಗೆ 24 ಗಂಟೆ ಅಂದಿತ್ತು.

ಮಾನನಷ್ಟದ ಮಾತು ಹಾಗಲ್ಲ. "ಇವರು ದುಡ್ಡು ನುಂಗಿದರು" ಅಂತ ಯಾರೋ ಬರೆದಿದ್ದಾರೆ ಅಂದುಕೊಳ್ಳಿ. ಸುಳ್ಳೂ ಇರಬಹುದು, ನಿಜವೂ ಇರಬಹುದು. ನಿಜವಾದರೆ ಅದನ್ನು ಮೊದಲು ತೆಗೆಸಲು ಓಡುವವರು ನುಂಗಿದವರೇ ಅಲ್ವಾ? ಕಂಪನಿಗೆ ಸತ್ಯ ಹುಡುಕುವ ಗರಜೂ ಇಲ್ಲ, ವ್ಯವಧಾನವೂ ಇಲ್ಲ. ಗಡುವು ಚಿಕ್ಕದು, ದಂಡ ದೊಡ್ಡದು ಅಂತಾದರೆ ಅದು ಸುಮ್ನೆ ಅಳಿಸಿಬಿಡುತ್ತದೆ. 2017ರ ಜರ್ಮನಿಯ ಕಾನೂನು ಕಣ್ಣಿಗೆ ಕಾಣುವ ತಪ್ಪಿಗೆ 24 ಗಂಟೆಯ ಗಡುವು, 5 ಕೋಟಿ ಯೂರೊವರೆಗೆ ದಂಡ ಇಟ್ಟಾಗ ಎಲ್ಲರೂ ಹೆದರಿದ್ದು ಇದಕ್ಕೇ. ಅದಾದ ಮೇಲೆ ಬಂದ, 2024ರ ಫೆಬ್ರವರಿಯಿಂದ ಪೂರ್ತಿ ಜಾರಿಯಲ್ಲಿರುವ ಯುರೋಪಿನ ಡಿಜಿಟಲ್ ಸರ್ವಿಸಸ್ ಆ್ಯಕ್ಟ್‌ನಲ್ಲಿ ನನಗೆ ತುಂಬಾ ಹಿಡಿಸಿದ್ದು ಒಂದು ಸಣ್ಣ ಅಂಶ. ಪೋಸ್ಟ್ ತೆಗೆದರೆ ಯಾಕೆ ತೆಗೆದೆವು ಅಂತ ಹಾಕಿದವರಿಗೆ ಕಾರಣ ಹೇಳಬೇಕು, ಅವರಿಗೆ ಮೇಲ್ಮನವಿಗೆ ದಾರಿ ಇರಬೇಕು. ದೂರು ಕೊಟ್ಟವರ ಜೊತೆಗೆ ಬರೆದವರಿಗೂ ಒಂದು ಕುರ್ಚಿ ಹಾಕಿದ ಹಾಗೆ.

ಈಗ ಎದ್ದಿರುವ ಹೊಸ ಪ್ರಶ್ನೆ ಇದಕ್ಕಿಂತ ಆಳದ್ದು. ಪುಸ್ತಕ ಮಾರುವವರಿಗೆ ಹೋಲಿಸಿದಾಗ ತಾಣಗಳು ಬರೀ ಜಾಗ ಕೊಡುತ್ತಿದ್ದವು. ಇವತ್ತು ತಾವೇ ಆರಿಸಿ, ತಾವೇ ತಂದು ಕೈಗಿಡುತ್ತವೆ. ಅಮೆರಿಕದಲ್ಲಿ ಹತ್ತು ವರ್ಷದ ಮಗುವೊಂದು, ಟಿಕ್‌ಟಾಕ್ ತೋರಿಸಿದ ಉಸಿರು ಕಟ್ಟಿಕೊಳ್ಳುವ ಚಾಲೆಂಜ್ ವಿಡಿಯೊ ನೋಡಿ, ತಾನೂ ಹಾಗೆ ಮಾಡಲು ಹೋಗಿ ತೀರಿಕೊಂಡಿತು ಅಂತ ತಾಯಿ ಕೇಸ್ ಹಾಕಿದರು. ಮಗು ಅದನ್ನು ಹುಡುಕಿಕೊಂಡು ಹೋಗಿರಲಿಲ್ಲ, ಅದಾಗಿಯೇ ಮುಂದೆ ಬಂದಿತ್ತು ಅನ್ನುವುದು ಅವರ ವಾದ. 2024ರ ಆಗಸ್ಟ್‌ನಲ್ಲಿ ಮೇಲ್ಮನವಿ ಕೋರ್ಟ್, ಆರಿಸಿ ತೋರಿಸುವುದು ಕಂಪನಿಯದೇ ಮಾತು, ಅದಕ್ಕೆ 230ರ ರಕ್ಷಣೆಯಿಲ್ಲ ಅಂದಿತು. ಅದರ ಹಿಂದಿನ ವರ್ಷ, 2023ರಲ್ಲಿ, ಇಂಥದೇ ಪ್ರಶ್ನೆ ಅಮೆರಿಕದ ಸುಪ್ರೀಂ ಕೋರ್ಟಿನ ಮುಂದೆ ಬಂದಾಗ ಅದು ಉತ್ತರ ಹೇಳದೆ ಬದಿಗಿಟ್ಟಿತ್ತು. ನನಗಂತೂ ಈ ಮೇಲ್ಮನವಿ ತೀರ್ಪು ಸರಿ ಅನಿಸುತ್ತದೆ. ಜಾಗ ಕೊಡುವುದು ಬೇರೆ, ಬಡಿಸುವುದು ಬೇರೆ.

ಇಷ್ಟೆಲ್ಲ ಕೇಳಿದ ಮೇಲೆ ಜನ ಮತ್ತೆ ಮೊದಲಿಗೇ ಬರುತ್ತಾರೆ. "ಈಗ ನಾನೇನು ಮಾಡಲಿ?"

ನನ್ನ ಗೆಳತಿಯ ಫೋಟೊ ಹಾಕಿ ಯಾರೋ ನಕಲಿ ಖಾತೆ ಮಾಡಿದ್ದರು. ಅವಳು ಗಾಬರಿಯಲ್ಲಿ ಪರಿಚಯದವರಿಗೆಲ್ಲ ಹೇಳಿ ರಿಪೋರ್ಟ್ ಮಾಡಿಸಿದಳು. ಮರುದಿನ ಖಾತೆ ಮಾಯವಾಯಿತು. ಎಲ್ಲರೂ ನಿಟ್ಟುಸಿರು ಬಿಟ್ಟೆವು. ವಾರದ ಮೇಲೆ, ಇದನ್ನು ಮಾಡಿದವರನ್ನು ಹಿಡಿಯಬೇಕು ಅಂತ ವಕೀಲರ ಹತ್ತಿರ ಕೂತಾಗ ಅವಳ ಕೈಯಲ್ಲಿದ್ದದ್ದು ಒಂದು ಸ್ಕ್ರೀನ್‌ಶಾಟ್. ಅದರಲ್ಲಿ ಫೋಟೊ ಇತ್ತು, ಹೆಸರಿತ್ತು. ಲಿಂಕ್ ಇರಲಿಲ್ಲ, ತಾರೀಕು ಇರಲಿಲ್ಲ. ಅದೇ ಹೆಸರಿನ ಖಾತೆಗಳು ನೂರಾರು ಇರುತ್ತವೆ, ಯಾವುದರ ವಿವರ ಕೇಳುವುದು?

ಎರಡು ತಿಂಗಳಿಗೆ ಇನ್ನೊಂದು ಖಾತೆ ಎದ್ದಿತು. ಈ ಸಲ ಅವಳು ಮೊದಲು ಕಂಪ್ಯೂಟರಿನಲ್ಲಿ ತೆರೆದು, ಮೇಲಿನ ಪೂರ್ತಿ ವಿಳಾಸ ಕಾಣುವ ಹಾಗೆ ಸ್ಕ್ರೀನ್‌ಶಾಟ್ ತೆಗೆದಳು. ಖಾತೆಯ ಲಿಂಕ್ ಬೇರೆ, ಒಂದೊಂದು ಪೋಸ್ಟಿನ ಲಿಂಕ್ ಬೇರೆ ಅಂತ ಗೊತ್ತಾಗಿತ್ತು, ಎಲ್ಲವನ್ನೂ ಸಮಯದ ಜೊತೆ ಬರೆದಿಟ್ಟಳು. ಆಮೇಲೆ ದೂರು ಕೊಟ್ಟಳು. ದೂರಿನ ನಂಬರ್ ಬಂದ ಇಮೇಲ್ ಅನ್ನು ವಕೀಲರಿಗೂ ಕಳಿಸಿದಳು. ಕಂಪನಿಗೆ ಯಾವಾಗ ಗೊತ್ತಾಯಿತು ಅನ್ನುವುದಕ್ಕೆ ಈಗ ಅವಳ ಹತ್ತಿರ ತಾರೀಕೂ ಇದೆ, ಗಂಟೆಯೂ ಇದೆ.