ತೋಫುಕುಜಿ: ಚೆರ್ರಿ ಬೇಡ ಅಂದ ದೇವಸ್ಥಾನದಲ್ಲಿ ಒಂದು ಬೆಳಿಗ್ಗೆ

ನವೆಂಬರ್ ಕೊನೆಯ ವಾರ, ಮೇಪಲ್ ಎಲೆ ಕೆಂಪಾಗುವ ಹೊತ್ತಿಗೆ, ಜಪಾನಿನ ಕ್ಯೋಟೋದಲ್ಲಿ ಇದ್ದೀರಿ ಅಂದ್ರೆ ಎಲ್ಲರೂ ಮೊದಲು ಹೇಳುವ ಹೆಸರು ತೋಫುಕುಜಿ. ಕ್ಯೋಟೋ ಸ್ಟೇಷನ್ನಿನಿಂದ ನಾರಾ ಕಡೆ ಹೋಗುವ ರೈಲು ಹತ್ತಿದರೆ ಮುಂದಿನ ಸ್ಟೇಷನ್ನೇ ಅದು, ಕೂರೋದಕ್ಕೂ ಹೊತ್ತಿಲ್ಲ. ನಾವು ಬೆಳಿಗ್ಗೆ ಬಾಗಿಲು ತೆರೆಯುವ ಹೊತ್ತಿಗೇ ಹೋಗಿದ್ದೆವು. ಆದರೂ ರೈಲಿನಿಂದ ಇಳಿದವರೆಲ್ಲ ಒಂದೇ ದಿಕ್ಕಿಗೆ ಹೊರಟಿದ್ದರು. ದಾರಿ ಕೇಳುವ ಅಗತ್ಯವೇ ಬರಲಿಲ್ಲ.

ಇದು ಬೌದ್ಧ ಧರ್ಮದ ಝೆನ್ ಪಂಥದ ಮಠ. 1236ರಲ್ಲಿ ಶುರುವಾಯಿತು. ನಾರಾದ ಎರಡು ದೊಡ್ಡ ದೇವಸ್ಥಾನಗಳಾದ ತೋದಾಯ್‌ಜಿ, ಕೋಫುಕುಜಿ ಹೆಸರುಗಳಿಂದ ಒಂದೊಂದು ಅಕ್ಷರ ತಗೊಂಡು ಇದಕ್ಕೆ ಹೆಸರಿಟ್ಟರು. ಆವರಣದ ನಡುವೆಯೇ ಒಂದು ಕಣಿವೆ ಇದೆ, ಕೆಳಗೆ ಸಣ್ಣ ತೊರೆ. ಆ ಕಣಿವೆಯ ತುಂಬ ಮೇಪಲ್ ಮರಗಳು, ಸುಮಾರು 2,000 ಅಂತಾರೆ. ಅದರ ಮೇಲೆ ಹಾದುಹೋಗುವ ಮರದ ಸೇತುವೆ ತ್ಸೂತೆನ್‌ಕ್ಯೋ. ಜನ ಬರೋದೇ ಅದರ ಮೇಲೆ ನಿಲ್ಲೋದಕ್ಕೆ.

ಇಷ್ಟು ಮೇಪಲ್ ಇಲ್ಲಿ ಯಾಕೆ ಅನ್ನೋದಕ್ಕೆ ಒಂದು ಕಥೆ ಹೇಳ್ತಾರೆ. ಸುಮಾರು 600 ವರ್ಷದ ಹಿಂದೆ ಈ ಮಠದಲ್ಲಿ ಮಿಂಚೋ ಅನ್ನುವ ಸನ್ಯಾಸಿ ಇದ್ದ, ದೊಡ್ಡ ಚಿತ್ರಕಾರ. ಬುದ್ಧನ ಪರಿನಿರ್ವಾಣದ ಅವನ ಬೃಹತ್ ಚಿತ್ರ ಇವತ್ತಿಗೂ ಮಠದಲ್ಲಿದೆ. ಅವನ ಕೆಲಸ ಮೆಚ್ಚಿದ ಶೋಗುನ್ (ಆಗ ಜಪಾನನ್ನು ಆಳುತ್ತಿದ್ದ ಸೇನಾಧಿಪತಿ) ಅಶಿಕಾಗಾ ಯೋಶಿಮೋಚಿ, ಏನು ಬೇಕೋ ಕೇಳು ಅಂದನಂತೆ. ಮಿಂಚೋ ಹಣ ಕೇಳಲಿಲ್ಲ, ಪದವಿಯನ್ನೂ ಕೇಳಲಿಲ್ಲ. ಇಲ್ಲಿರುವ ಚೆರ್ರಿ ಮರಗಳನ್ನೆಲ್ಲ ಕಡಿಸಿಬಿಡಿ ಅಂದನಂತೆ. ಹೂವಿನ ಕಾಲದಲ್ಲಿ ಜನ ಬಂದು ಕುಡಿದು ಕುಣಿಯುತ್ತಾರೆ, ಮುಂದೆ ಇದು ಮೋಜಿನ ಜಾಗ ಆಗಿಬಿಡುತ್ತೆ ಅನ್ನೋದು ಅವನ ಭಯ. ಶೋಗುನ್ ಒಪ್ಪಿ ಕಡಿಸಿದ. ಹಾಗಾಗಿ ಇಲ್ಲಿ ಮೇಪಲ್ ಉಳಿಯಿತು. ಕೇಳಿದಾಗಿಂದ ಈ ಕಥೆ ನನ್ನ ತಲೆಯಿಂದ ಹೋಗಿಲ್ಲ. ಆ ಮನುಷ್ಯನ ಮೇಲೆ ಗೌರವ ಬಂತು.

ಸೇತುವೆಗೆ ಟಿಕೆಟ್ ಇದೆ. ಎಲೆ ಕೆಂಪಾಗುವ ದಿನಗಳಲ್ಲಿ ಅದರ ಮೇಲೆ ಫೋಟೋ ತೆಗೆಯುವ ಹಾಗಿಲ್ಲ. ಜನ ನಿಂತಲ್ಲೇ ನಿಂತರೆ ನೂಕುನುಗ್ಗಲಾಗಿ ಅಪಾಯ ಅಂತ ಈ ನಿಯಮ. ಅಲ್ಲಲ್ಲಿ ನಿಂತ ಕಾವಲಿನವರು ಮೆತ್ತಗೆ ಕೈ ತೋರಿಸುತ್ತಾ ಮುಂದೆ ಹೋಗಿ ಅನ್ನುತ್ತಿದ್ದರು. ಫೋನುಗಳು ಜೇಬು ಸೇರಿದವು. ಆಮೇಲೆ ಆಗಿದ್ದೇ ಬೇರೆ. ಎಲ್ಲರ ಕೈ ಖಾಲಿ, ಎಲ್ಲರೂ ಕಣ್ಣಿಂದಲೇ ನೋಡುತ್ತಿದ್ದರು. ನನ್ನ ಮುಂದೆ ಒಬ್ಬ ವಯಸ್ಸಾದ ಹೆಂಗಸು ಕಟಕಟೆ ಹಿಡಿದು ಕೆಳಗೆ ನೋಡುತ್ತಾ ಗಂಡನಿಗೆ ಏನೋ ತೋರಿಸುತ್ತಿದ್ದರು, ನಾನೂ ಅತ್ತ ನೋಡಿದೆ. ಒಂದೇ ಮರದಲ್ಲಿ ತುದಿಯ ಎಲೆ ಕಡುಕೆಂಪು, ನಡುವೆ ಕಿತ್ತಳೆ, ಒಳಗೆ ನೆರಳಲ್ಲಿದ್ದದ್ದು ಇನ್ನೂ ಹಸಿರು. ಬಿಸಿಲು ಬಿದ್ದು ರಾತ್ರಿ ಚೆನ್ನಾಗಿ ತಣ್ಣಗಾದರೇನೇ ಎಲೆ ಸರಿಯಾಗಿ ಕೆಂಪಾಗೋದು. ಹಸಿರು ಬಣ್ಣ ಒಡೆದು ಹೋಗ್ತಾ ಇರುವಾಗಲೇ ಎಲೆಯೊಳಗೆ ಹೊಸದಾಗಿ ಕೆಂಪು ಹುಟ್ಟುತ್ತದೆ. ನಮ್ಮ ಕಡೆ ಯುಗಾದಿಗೆ ಮುಂಚೆ ಎಲೆ ಉದುರೋದನ್ನು ನೋಡಿ ಬೆಳೆದ ನನಗೆ, ಉದುರುವ ಮೊದಲು ಮರ ಇಷ್ಟೊಂದು ಬಣ್ಣ ಮಾಡಿಕೊಳ್ಳುತ್ತೆ ಅನ್ನೋದು ಅಲ್ಲಿ ನಿಂತು ನೋಡುವವರೆಗೂ ಮನಸ್ಸಿಗೆ ಇಳಿದಿರಲಿಲ್ಲ.

ಸೇತುವೆ ದಾಟಿದ ಮೇಲೆ ಬಂಗಾರದ ಹಳದಿಗೆ ತಿರುಗುವ ಇನ್ನೊಂದು ಜಾತಿಯ ಮೇಪಲ್ ಕೂಡ ಇದೆ. ಎಲೆಗೆ ಮೂರೇ ಮೂರು ತುದಿ. ಅದನ್ನು ಚೀನಾದಿಂದ ತಂದದ್ದು ‘ಎನ್ನಿ’ ಅನ್ನುವ ಹೆಸರಿನ, ಮಠದ ಮೊದಲ ಗುರು ಅಂತ ಪ್ರತೀತಿ.

ತುಂಬಾ ಜನ ಇಷ್ಟು ನೋಡಿ ವಾಪಸ್ ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಕ್ಕದಲ್ಲೇ ಹೋಜೋ ಅನ್ನುವ, ಮಠಾಧಿಪತಿಗಳ ಹಳೆಯ ವಾಸದ ಕಟ್ಟಡ ಇದೆ, ಟಿಕೆಟ್ ಬೇರೆ. ಚಪ್ಪಲಿ ಬಿಟ್ಟು ತಣ್ಣನೆ ಮರದ ಜಗುಲಿಯಲ್ಲಿ ಸುತ್ತು ಹಾಕಿದರೆ ನಾಲ್ಕೂ ಕಡೆ ನಾಲ್ಕು ತೋಟ. 1881ರ ಬೆಂಕಿಯಲ್ಲಿ ಇಲ್ಲಿಯ ದೊಡ್ಡ ಕಟ್ಟಡಗಳು ಸುಟ್ಟುಹೋದವು, ಹೋಜೋ ಆಮೇಲೆ ಕಟ್ಟಿದ್ದು. ತೋಟಗಳನ್ನು 1939ರಲ್ಲಿ ಮಾಡಿದವರು ಮಿರೇಯ್ ಶಿಗೆಮೊರಿ. ಮಠದ ಹತ್ತಿರ ಹಣ ಇರಲಿಲ್ಲ, ಅವರು ಕೂಲಿ ತಗೊಳ್ಳದೆ ಮಾಡಿಕೊಟ್ಟರು. ಮಠದವರು ಹಾಕಿದ್ದು ಒಂದೇ ಷರತ್ತು: ಇಲ್ಲಿರುವ ಹಳೆಯ ಸಾಮಾನು ಯಾವುದನ್ನೂ ಬಿಸಾಡಬಾರದು.

ಉತ್ತರದ ತೋಟದಲ್ಲಿ ಚೌಕದ ಕಲ್ಲು, ಪಾಚಿ, ಮತ್ತೆ ಕಲ್ಲು, ಪಾಚಿ, ಚದುರಂಗದ ಹಾಸಿನ ಹಾಗೆ. ದೂರ ಹೋದಂತೆ ಕಲ್ಲುಗಳು ಚದುರಿ, ಕೊನೆಗೆ ಪಾಚಿಯಲ್ಲೇ ಕರಗಿಹೋಗುತ್ತವೆ. ಅವೆಲ್ಲ ಹಿಂದೆ ದಾರಿಗೆ ಹಾಸಿದ್ದ ಕಲ್ಲುಗಳು. ಅವುಗಳ ನಡುವೆ ಅವತ್ತು ಕೆಂಪು ಎಲೆಗಳು ಬಿದ್ದಿದ್ದವು. ಪೂರ್ವದ ತೋಟ ಇನ್ನೂ ಸರಳ. ಬಿಳಿ ಜಲ್ಲಿಯ ಮೇಲೆ ಏಳು ದುಂಡು ಕಲ್ಲುಕಂಬಗಳು, ಅಷ್ಟೇ. ಅದು ಸಪ್ತರ್ಷಿ ಮಂಡಲ! ಆ ಕಲ್ಲುಗಳು ಬಂದದ್ದು ಎಲ್ಲಿಂದ ಅಂದ್ರೆ, ಸನ್ಯಾಸಿಗಳ ಹಳೆಯ ಶೌಚಾಲಯದ ಕಂಬದ ಬುಡದಲ್ಲಿ ಮಿಕ್ಕಿದ್ದ ಕಲ್ಲುಗಳಿಂದ. ಶೌಚಾಲಯದ ಕಲ್ಲು ತೆಗೆದು ನಕ್ಷತ್ರ ಮಾಡಿದ ಆ ಮನಸ್ಸು ಎಂಥದ್ದಿರಬೇಕು! ಕಣಿವೆಯ ಬಣ್ಣಗಳಿಗಿಂತ ಜಾಸ್ತಿ ಹೊತ್ತು ನಾನು ಆ ಏಳು ಕಲ್ಲುಗಳ ಎದುರು ಕೂತಿದ್ದೆ.

ಆ ಶೌಚಾಲಯವೂ ಆವರಣದಲ್ಲೇ ಇದೆ, ಮುರೋಮಾಚಿ ಕಾಲದ್ದು, ಅಂದ್ರೆ 14ರಿಂದ 16ನೇ ಶತಮಾನದ ನಡುವಿನದು. ಉದ್ದನೆಯ ಮರದ ಕಟ್ಟಡ, ನೆಲದಲ್ಲಿ ಸಾಲಾಗಿ ಗುಂಡಿಗಳು. ಆಗ ಇಲ್ಲಿಯ ಗೊಬ್ಬರವನ್ನು ಸುತ್ತಲಿನ ತರಕಾರಿ ಬೆಳೆಗಾರರು ಕೊಂಡುಕೊಳ್ಳುತ್ತಿದ್ದರು, ಮಠಕ್ಕೆ ಅದೊಂದು ಒಳ್ಳೆಯ ಆದಾಯವಾಗಿತ್ತು. ಏನನ್ನೂ ಬಿಸಾಡಬಾರದು ಅನ್ನುವ ಷರತ್ತು 1939ರಲ್ಲಿ ಹೊಸದಾಗಿ ಹುಟ್ಟಿದ್ದಲ್ಲ ಅನ್ನಿಸಿತು. ಹತ್ತಿರದಲ್ಲೇ ದೊಡ್ಡ ಹೆಬ್ಬಾಗಿಲು ಸನ್‌ಮೋನ್ ಇದೆ, ಜಪಾನಿನ ಝೆನ್ ಮಠಗಳ ಹೆಬ್ಬಾಗಿಲುಗಳಲ್ಲಿ ಇದೇ ಅತ್ಯಂತ ಹಳೆಯದು. ಅದರ ಮುಂದೆ ನಾವು ಹೋದಾಗ ಮೂರೋ ನಾಲ್ಕೋ ಜನ ಇದ್ದರು. ಸೇತುವೆ ಕಡೆ ಆ ಹೊತ್ತಿಗೆ ಸಾಲು ಗೇಟಿನ ಆಚೆವರೆಗೂ ಬೆಳೆದಿತ್ತು.