ರಿಪೇರಿಯ ರಿಪೇರಿ

1965ರ ಎಂಜಿಬಿ, ಬ್ರಿಟಿಷ್ ಸ್ಪೋರ್ಟ್ಸ್ ಕಾರು, ಮನೆಗೆ ಬಂದು ಮೂರು ತಿಂಗಳಾಯಿತು. ಓಡಿಸಿದ್ದಕ್ಕಿಂತ ಅದರ ಕೆಳಗೆ ಮಲಗಿದ್ದೇ ಜಾಸ್ತಿ. ಹಿಂದಿನ ಮಾಲೀಕರು ರಿಪೇರಿ ಮಾಡಿಲ್ಲ ಅಂತಲ್ಲ, ಮಾಡಿದ್ದಾರೆ, ಅದೇ ತೊಂದರೆ! ಫ್ಯೂಸ್ ಬಾಕ್ಸ್ ತೆಗೆದರೆ 35 ಆಂಪಿಯರ್ ಫ್ಯೂಸಿಗೆ ಬೆಳ್ಳಿ ಕಾಗದ ಸುತ್ತಿದೆ. ಎಲ್ಲಾದರೂ ಶಾರ್ಟ್ ಆಗಿದ್ದರೆ ಫ್ಯೂಸ್ ಬದಲು ವೈರೇ ಸುಟ್ಟುಹೋಗುತ್ತಿತ್ತು.

ಮುಂದಿನ ಎಡ ಚಕ್ರ, ಬ್ರೇಕ್ ಬಿಟ್ಟ ಮೇಲೂ ಹಿಡಿದುಕೊಂಡೇ ಇರುತ್ತಿತ್ತು. ಸುಮ್ನೆ ಕ್ಯಾಲಿಪರ್ (ಬ್ರೇಕ್ ಪ್ಯಾಡ್ ಒತ್ತಿ ಹಿಡಿಯುವ ಭಾಗ) ಬಿಚ್ಚಿ ಒಂದು ಭಾನುವಾರ ಹಾಳು ಮಾಡಿಕೊಂಡೆ. ತಪ್ಪು ಇದ್ದದ್ದು ಬ್ರೇಕ್ ಆಯಿಲ್ ಸಾಗಿಸುವ ರಬ್ಬರ್ ಹೋಸ್‌ನದ್ದು. ಹೊರಗಿಂದ ಚೆನ್ನಾಗೇ ಕಾಣುತ್ತದೆ, ಆದರೆ ವಯಸ್ಸಾದ ಹೋಸ್ ಒಳಗೊಳಗೇ ಊದಿಕೊಂಡು ದಾರಿ ಕಿರಿದಾಗಿರುತ್ತದೆ, ಪೆಡಲ್ ಒತ್ತಿದರೆ ಬ್ರೇಕ್ ಆಯಿಲ್ ಆ ಒತ್ತಡಕ್ಕೆ ಹೇಗೋ ನುಗ್ಗಿಬಿಡುತ್ತದೆ, ವಾಪಸ್ ಬರಲು ಮಾತ್ರ ಒದ್ದಾಡುತ್ತದೆ. ಎರಡೂ ಕಡೆ ಹೊಸದು ಹಾಕಿ, ಲೈನಿನ ಗಾಳಿ ತೆಗೆದೆ. ಚಕ್ರ ಬರೀ ಕೈಯಲ್ಲೇ ತಿರುಗಿತು.

ಪೆಟ್ರೋಲ್-ಗಾಳಿ ಬೆರೆಸುವ ಎರಡು ಎಸ್‌ಯು ಕಾರ್ಬುರೇಟರ್‌ಗಳ ಡ್ಯಾಶ್‌ಪಾಟ್‌ನಲ್ಲಿ (ಮೇಲ್ಭಾಗದ ಆಯಿಲ್ ತುಂಬುವ ಕೊಳವೆ) ಒಂದು ಹನಿ ಆಯಿಲ್ ಇರಲಿಲ್ಲ. ಆಕ್ಸಿಲರೇಟರ್ ಒತ್ತಿದಾಗ ಗಾಡಿ ಮುಗ್ಗರಿಸುತ್ತಿದ್ದದ್ದು ಅದಕ್ಕೇ. ಎರಡು ನಿಮಿಷದ ಕೆಲಸ, ಅಷ್ಟೂ ಮಾಡಲಾಗಲಿಲ್ವಾ?

ಮುಂದಿನ ವಾರ ಸಿಲ್, ಅಂದರೆ ಬಾಗಿಲ ಕೆಳಗಿನ ಉಕ್ಕಿನ ಪಟ್ಟಿ. ಪೇಂಟ್ ಫಳಫಳ ಹೊಳೆಯುತ್ತಿದೆ. ಆಯಸ್ಕಾಂತ ಮಾತ್ರ ಅಂಟುತ್ತಿಲ್ಲ.