ಪಡುವಣ ಕಿಟಕಿಗೆ ಪರದೆ: ಕಲಬುರಗಿ ಬೇಸಿಗೆಯ ಕೆಲಸ ಇಲ್ಲಿಯವರೆಗೆ

ಈ ಬೇಸಿಗೆಯ ಕೆಲಸ ಒಂದೇ. ಮನೆಯ ಕಿಟಕಿಗಳಿಗೆ ಸರಿಯಾದ ಬ್ಲೈಂಡ್ಸ್ ಹಾಕಿಸುವುದು. ಚೆಂದಕ್ಕಲ್ಲ, ತಂಪಿಗೆ.

ಕಲಬುರಗಿಯಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದರೆ ಅದು ಸುದ್ದಿಯೇ ಅಲ್ಲ. ಇಲ್ಲಿನ ಹಳೆಯ ಮನೆಗಳಿಗೆ ದಪ್ಪ ಕಲ್ಲಿನ ಗೋಡೆ, ಸಣ್ಣ ಕಿಟಕಿ, ನೆಲಕ್ಕೆ ಶಹಾಬಾದ್ ಫರಸಿ. ಮಧ್ಯಾಹ್ನ ಒಂದು ಚಾಪೆ ಹಾಸಿದರೆ ಸಾಕು, ನಿದ್ದೆ. ನಮ್ಮ ಫ್ಲಾಟ್‌ನಲ್ಲಿ ಇರುವುದು ತೆಳ್ಳನೆ ಗೋಡೆ, ಅಗಲ ಗಾಜು, ಅಲ್ಯೂಮಿನಿಯಂ ಸ್ಲೈಡಿಂಗ್. ಮಧ್ಯದ ಮಹಡಿಯಾದ್ದರಿಂದ ತಾರಸಿ ಕಾಯುವ ತಾಪತ್ರಯ ಇಲ್ಲ. ಹಾಗಾಗಿ ಬಿಸಿ ಒಳಗೆ ಬರುವ ಮುಖ್ಯ ದಾರಿ ಕಿಟಕಿಯೇ. ಎರಡು ಬೆಡ್‌ರೂಮಿನ ಕಿಟಕಿ ಪಡುವಣಕ್ಕೆ, ಹಾಲ್‌ನದು ತೆಂಕಣಕ್ಕೆ, ಓದುವ ಕೋಣೆಯದು ಬಡಗಣಕ್ಕೆ. ಬಾಲ್ಕನಿ ಮೂಡಣಕ್ಕೆ.

ಮಾರ್ಚ್: ಮೊದಲು ಬಿಸಿಲಿನ ಲೆಕ್ಕ

ಅಂಗಡಿಗೆ ಹೋಗುವ ಮೊದಲು ಯಾವ ಕಿಟಕಿಗೆ ಎಷ್ಟು ಹೊತ್ತಿಗೆ ಬಿಸಿಲು ಬರುತ್ತದೆ ಅಂತ ನೋಡಿಕೊಂಡೆ. ಸುಮ್ನೆ ಕೂತು ನೋಡುವುದು, ಪೆನ್ಸಿಲ್‌ನಿಂದ ಗೋಡೆಯ ಮೇಲೆ ಗುರುತು ಹಾಕುವುದು, ಅಷ್ಟೇ. ಇದಕ್ಕೆ ದುಡ್ಡು ಬೇಕಿಲ್ಲ. ಆಮೇಲೆ ಉಳಿಯುವ ದುಡ್ಡು ಮಾತ್ರ ಜಾಸ್ತಿ.

ಗೊತ್ತಾದ ಮೊದಲ ವಿಷಯ: ತೆಂಕಣ ಕಿಟಕಿಗೆ ಬೇಸಿಗೆಯಲ್ಲಿ ಏನೂ ಬೇಕಾಗಿಲ್ಲ. ನಮ್ಮ ಊರು ಸುಮಾರು 17 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್‌ನಲ್ಲಿ ಮಧ್ಯಾಹ್ನದ ಸೂರ್ಯ ಹತ್ತಿರ ಹತ್ತಿರ ನೆತ್ತಿಯ ಮೇಲೆ ಇರುತ್ತಾನೆ. ಮೇ 10ರ ಆಸುಪಾಸಿನಲ್ಲಿ ಸರಿಯಾಗಿ ನೆತ್ತಿಗೆ ಬಂದು, ಆಮೇಲೆ ಬಡಗಣಕ್ಕೆ ಜಾರುತ್ತಾನೆ. ಮತ್ತೆ ನೆತ್ತಿಗೆ ಬರುವುದು ಆಗಸ್ಟ್ ಮೊದಲ ವಾರದಲ್ಲಿ. ಕಿಟಕಿ ಮೇಲಿನ ಒಂದೂವರೆ ಅಡಿ ಸಜ್ಜಾ ಆ ಎತ್ತರದ ಬಿಸಿಲನ್ನು ಪೂರ್ತಿ ತಡೆಯುತ್ತದೆ. ತೆಂಕಣ ಕಿಟಕಿಗೆ ಬಿಸಿಲು ಬರುವುದು ಡಿಸೆಂಬರ್‌ನಲ್ಲಿ. ಆಗ ಅದು ಬೇಕೇ ಬೇಕು.

ಪಡುವಣದ್ದು ಬೇರೆಯೇ ಕಥೆ. ಅಲ್ಲಿಯೂ ಅಷ್ಟೇ ಸಜ್ಜಾ ಇದೆ, ಆದರೆ ಕೆಲಸಕ್ಕೆ ಬರುವುದಿಲ್ಲ. ಮೇ ತಿಂಗಳಲ್ಲಿ ಮೂರು ಗಂಟೆಗೆ ಸೂರ್ಯ ನೆಲದಿಂದ ಸುಮಾರು 52 ಡಿಗ್ರಿ ಎತ್ತರದಲ್ಲಿ. ನಾಲ್ಕಕ್ಕೆ 38ರ ಹತ್ತಿರ, ಐದಕ್ಕೆ 24ರ ಹತ್ತಿರ. ಲೆಕ್ಕ ಹಾಕಿದರೆ ನಾಲ್ಕು ಅಡಿ ಎತ್ತರದ ಕಿಟಕಿಯಲ್ಲಿ ಮೂರು ಗಂಟೆಗೆ ಮೇಲಿನ ಎರಡು ಅಡಿಗೆ ನೆರಳು. ನಾಲ್ಕಕ್ಕೆ ಒಂದು ಅಡಿಗಿಂತ ಸ್ವಲ್ಪ ಜಾಸ್ತಿ, ಐದಕ್ಕೆ ಅರ್ಧ ಅಡಿಗಿಂತ ಸ್ವಲ್ಪ ಜಾಸ್ತಿ. ಊರೆಲ್ಲ ಅತಿ ಹೆಚ್ಚು ಕಾದಿರುವ ಹೊತ್ತಿನಲ್ಲೇ ಗಾಜು ಪೂರ್ತಿ ತೆರೆದ ಬಾಗಿಲು.

ಎಷ್ಟು ಬಿಸಿ ಬರುತ್ತದೆ? ಆ ಹೊತ್ತಿನಲ್ಲಿ ಪಡುವಣ ಗೋಡೆಯ ಒಂದು ಚದರ ಮೀಟರ್ ಮೇಲೆ ಅಂದಾಜು 500 ವ್ಯಾಟ್ ಬಿಸಿಲು ಬೀಳುತ್ತದೆ. ಸಾದಾ ಗಾಜು ಅದರಲ್ಲಿ ನೂರಕ್ಕೆ 80ರಷ್ಟನ್ನು ಒಳಗೆ ಬಿಡುತ್ತದೆ. ಐದು ಅಡಿ ಅಗಲ, ನಾಲ್ಕು ಅಡಿ ಎತ್ತರದ ಒಂದು ಕಿಟಕಿಯಿಂದ ಮುಕ್ಕಾಲು ಕಿಲೋವ್ಯಾಟ್. ಎರಡು ಕಿಟಕಿ ಸೇರಿದರೆ ಒಂದೂವರೆ. ಬಿರುಬಿಸಿಲಿನ ಮೇ ತಿಂಗಳಲ್ಲಿ ಮನೆಯೊಳಗೆ ರೂಮ್ ಹೀಟರ್ ಹಚ್ಚಿ ಕೂತ ಹಾಗೆ. ಒಂದು ಟನ್ ಎ.ಸಿ. ಹೊರಹಾಕುವುದು ಸುಮಾರು ಮೂರೂವರೆ ಕಿಲೋವ್ಯಾಟ್ ಬಿಸಿ. ಅದರಲ್ಲಿ ಎಷ್ಟು ಪಾಲು ಬರೀ ಕಿಟಕಿಗೆ ಹೋಗುತ್ತದೆ ನೋಡಿ.

ಮಾರ್ಚ್ ಕೊನೆ: ಅಂಗಡಿಯಲ್ಲಿ

ಬ್ಲೈಂಡ್ಸ್ ಅಂಗಡಿಯಲ್ಲಿ ಮೊದಲು ಕೇಳುವುದು "ಗೋಡೆ ಬಣ್ಣ ಯಾವುದು ರೀ?" ಅಂತ. ಕಿಟಕಿ ಯಾವ ದಿಕ್ಕಿಗೆ ಇದೆ ಅಂತ ಯಾರೂ ಕೇಳಲಿಲ್ಲ. ಒಬ್ಬರು ಇಡೀ ಮನೆಗೆ ಒಂದೇ ಥರದ ಝೀಬ್ರಾ ಬ್ಲೈಂಡ್ ಲೆಕ್ಕ ಕೊಟ್ಟರು. ತೆಂಕಣ ಕಿಟಕಿಯ ಸಾಲನ್ನು ಅಲ್ಲೇ ಹೊಡೆದು ಹಾಕಿಸಿದೆ.

ಝೀಬ್ರಾ ಬಗ್ಗೆ ನನಗೆ ಒಲವಿಲ್ಲ. ಬಟ್ಟೆಯ ಪಟ್ಟಿ, ಜಾಲರಿ ಪಟ್ಟಿ ಒಂದಾದ ಮೇಲೆ ಒಂದು. ನೋಡಲು ಚೆಂದ. ಪೂರ್ತಿ ಮುಚ್ಚಿದರೂ ಪಟ್ಟಿಗಳ ಅಂಚಿನಲ್ಲಿ ಬೆಳಕು ನುಸುಳುತ್ತದೆ. ಪಡುವಣದ ನೇರ ಬಿಸಿಲಿಗೆ ಅದು ಸಾಲದು.

ವೆನಿಷಿಯನ್ ಅಲ್ಯೂಮಿನಿಯಂ ಪಟ್ಟಿಗಳದ್ದು ಒಳ್ಳೆಯ ಗುಣವೆಂದರೆ ಓರೆ ಮಾಡಿ ಬೆಳಕನ್ನು ಛಾವಣಿಗೆ ತಿರುಗಿಸಬಹುದು. ಆದರೆ ನಮ್ಮ ಊರಿನ ಧೂಳು! ಒಂದೊಂದೇ ಪಟ್ಟಿ ಒರೆಸುವವರು ಯಾರು? ಹನಿಕೋಂಬ್ ಅನ್ನುವುದು ಎರಡು ಪದರದ ಬಟ್ಟೆಯ ನಡುವೆ ಗಾಳಿ ಹಿಡಿದಿಡುವ ಗೂಡುಗಳಿರುವ ಬ್ಲೈಂಡ್. ಅಂಚಿಗೆ ಬಿಗಿಯಾಗಿ ಕೂತರೆ ಚೆನ್ನಾಗಿ ಕೆಲಸ ಮಾಡುತ್ತದೆ. ಬೆಲೆ ಕೇಳಿ ವಾಪಸ್ ಇಟ್ಟೆ.

ಉಳಿದದ್ದು ರೋಲರ್, ಕೊಳವೆಗೆ ಸುತ್ತಿಕೊಳ್ಳುವ ಬಟ್ಟೆಯ ಪರದೆ. ಇದರಲ್ಲಿ ಎರಡು ಬಗೆ. ಒಂದು ಬ್ಲ್ಯಾಕೌಟ್, ಬೆಳಕೇ ಬಿಡದ ಬಟ್ಟೆ. ಇನ್ನೊಂದು ಸನ್‌ಸ್ಕ್ರೀನ್, ಸಣ್ಣ ಸಣ್ಣ ತೂತಿನ ನೇಯ್ಗೆ. ಅದರ ಮೇಲೆ 3%, 5%, 10% ಅಂತ ಬರೆದಿರುತ್ತದೆ. ಬಟ್ಟೆಯಲ್ಲಿ ತೂತಿನ ಪಾಲು ಅಷ್ಟು ಅಂತ ಅರ್ಥ. 5% ಇದ್ದರೆ ಹಗಲು ಹೊರಗಿನದು ಕಾಣುತ್ತದೆ, ಒಳಗಿನದು ಹೊರಗೆ ಕಾಣುವುದಿಲ್ಲ. ರಾತ್ರಿ ದೀಪ ಹಾಕಿದರೆ ಉಲ್ಟಾ. ಬೆಡ್‌ರೂಮಿಗೆ ಇದನ್ನು ಮಾತ್ರ ಹಾಕಿಸಬೇಡಿ.

ಕೌಂಟರ್ ಹಿಂದೆ ಕೂತಿದ್ದ ಹಿರಿಯರೊಬ್ಬರು ನನ್ನ ಪ್ರಶ್ನೆಗಳನ್ನೆಲ್ಲ ಕೇಳಿಸಿಕೊಂಡು ಕೊನೆಗೆ ಹೇಳಿದರು: "ಬಿಸಲು ಒಳಗ ಬಂದ ಮ್ಯಾಲ ಏನ್ ಮುಚ್ಚತೀರಿ? ಹೊರಗ ಕಟ್ರಿ. ಆದ್ರ ಅದು ನಮ್ಮ ಅಂಗಡ್ಯಾಗ ಸಿಗೂದಿಲ್ಲ." ಇಡೀ ಮಾರ್ಚ್ ತಿಂಗಳಲ್ಲಿ ಸಿಕ್ಕ ಒಳ್ಳೆಯ ಸಲಹೆ ಇದೇ.

ಏಪ್ರಿಲ್ ಮೊದಲ ವಾರ: ಒಳಗಾ, ಹೊರಗಾ

ಅವರ ಮಾತಿನ ಹಿಂದೆ ಇರುವ ವಿಷಯ ಇಷ್ಟು. ಬಿಸಿಲು ಗಾಜಿನ ಮೂಲಕ ಸಲೀಸಾಗಿ ಒಳಗೆ ಬರುತ್ತದೆ. ಒಳಗಿನ ಪರದೆಗೆ ಬಿದ್ದು ಅದನ್ನು ಕಾಯಿಸುತ್ತದೆ. ಕಾದ ಪರದೆ ಹೊರಸೂಸುವ ಶಾಖ ಬೇರೆ ಥರದ್ದು, ಉದ್ದ ಅಲೆಯ ಇನ್‌ಫ್ರಾರೆಡ್. ಅದನ್ನು ಗಾಜು ಹೊರಗೆ ಬಿಡುವುದಿಲ್ಲ. ಜೊತೆಗೆ ಪರದೆಗೂ ಗಾಜಿಗೂ ನಡುವಿನ ಗಾಳಿ ಕಾದು ಮೇಲೇರುತ್ತದೆ, ಪರದೆಯ ತಲೆಯ ಹತ್ತಿರ ಇರುವ ಸಂದಿಯಿಂದ ಕೋಣೆಗೆ ಬರುತ್ತದೆ. ಅಂದರೆ ಒಳಗಿನ ಪರದೆ ಕಣ್ಣಿಗೆ ನೆರಳು ಕೊಡುತ್ತದೆ, ಬಿಸಿಯಲ್ಲಿ ಒಂದು ಪಾಲನ್ನು ಮನೆಯಲ್ಲೇ ಇಟ್ಟುಕೊಳ್ಳುತ್ತದೆ. ಹಾಗಾಗಿ ಒಳಗಿನ ಬ್ಲೈಂಡ್‌ನಿಂದ ತಂಪು ಬೇಕಿದ್ದರೆ ಅದು ಬಿಸಿಲನ್ನು ಬಂದ ದಾರಿಯಲ್ಲೇ ವಾಪಸ್ ಕಳಿಸಬೇಕು. ಗಾಜಿನ ಕಡೆಯ ಬೆನ್ನು ಬಿಳಿ ಇರಬೇಕು, ಇಲ್ಲ ಬೆಳ್ಳಿ ಬಣ್ಣ. ಕೋಣೆಯ ಕಡೆಗೆ ಯಾವ ಬಣ್ಣ ಬೇಕಾದರೂ ಇರಲಿ.

ಅಮೆರಿಕದ ಇಂಧನ ಇಲಾಖೆ ಕೊಡುವ ಅಂಕಿಗಳೂ ಇದನ್ನೇ ಹೇಳುತ್ತವೆ. ಚೆನ್ನಾಗಿ ಪ್ರತಿಫಲಿಸುವ ಒಳಗಿನ ಬ್ಲೈಂಡ್ಸ್ ಪೂರ್ತಿ ಮುಚ್ಚಿದರೆ ಕಿಟಕಿಯ ಬಿಸಿಲಿನ ಶಾಖ ಸುಮಾರು 45% ಕಡಿಮೆ. ಪಡುವಣ ಕಿಟಕಿಯ ಹೊರಗೆ ಚಪ್ಪರದಂಥ ಮರೆ ಕಟ್ಟಿದರೆ 77%ವರೆಗೆ. ಅಲ್ಲಿನ ಕಿಟಕಿ ಬೇರೆ, ಇಲ್ಲಿನದು ಬೇರೆ. ಆದರೂ ಒಳಗಿನದಕ್ಕೂ ಹೊರಗಿನದಕ್ಕೂ ಇರುವ ಅಂತರ ಸಣ್ಣದಲ್ಲ.

ನಂಬಿಕೆ ಬರಲಿ ಅಂತ ಅಂಗಡಿಯಿಂದ ತಂದ ಬಟ್ಟೆ ತುಂಡುಗಳನ್ನು ಪಡುವಣ ಗಾಜಿಗೆ ಒಳಗಿನಿಂದ ಅಂಟಿಸಿದೆ. ಕಂದು ಬಣ್ಣದ್ದು, ತಿಳಿ ಬೂದು, ಬಿಳಿ ಬೆನ್ನಿನ ಬ್ಲ್ಯಾಕೌಟ್. ನಾಲ್ಕು ಗಂಟೆಗೆ ಕೈ ಇಟ್ಟರೆ ಥರ್ಮಾಮೀಟರೇ ಬೇಡ, ಕಂದು ಬಣ್ಣದ್ದು ಸುಡುತ್ತಿತ್ತು. ಕೈಯಲ್ಲಿ ಹಿಡಿಯುವ ಇನ್‌ಫ್ರಾರೆಡ್ ಥರ್ಮಾಮೀಟರ್ ಇರುವವರಿಗೆ ಒಂದು ಮಾತು. ಬಟ್ಟೆಗೆ ಅದು ಸರಿಯಾಗಿ ತೋರಿಸುತ್ತದೆ. ಹೊಳೆಯುವ ಅಲ್ಯೂಮಿನಿಯಂ ಪಟ್ಟಿಗೆ ತೋರಿಸಿದರೆ ಸುಳ್ಳೇ ಕಡಿಮೆ ಅಂಕಿ ಬರುತ್ತದೆ. ಪಟ್ಟಿಯ ಮೇಲೆ ಒಂದು ತುಂಡು ಕಾಗದದ ಟೇಪ್ ಅಂಟಿಸಿ, ಅದು ಕಾದ ಮೇಲೆ ಅದಕ್ಕೆ ಗುರಿ ಇಡಿ.

ಏಪ್ರಿಲ್ ನಡುವೆ: ಎರಡು ಕೋಣೆ, ಎರಡು ದಾರಿ

ಎರಡು ಬೆಡ್‌ರೂಮೂ ಒಂದೇ ಅಳತೆ, ಒಂದೇ ದಿಕ್ಕು. ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಬೇಕಾ? ನಮ್ಮ ಕೋಣೆಗೆ ಬಿಳಿ ಬೆನ್ನಿನ ಬ್ಲ್ಯಾಕೌಟ್ ರೋಲರ್. ಕಿಟಕಿ ಚೌಕಟ್ಟಿನ ಒಳಗೆ ಕೂರಿಸದೆ ಗೋಡೆಯ ಮೇಲೆ, ನಾಲ್ಕೂ ಕಡೆ ಮೂರು ಮೂರು ಇಂಚು ಹೊರಗೆ ಬರುವ ಹಾಗೆ. ತಲೆಯ ಸಂದಿಗೆ ಬಡಗಿಯವರಿಂದ ಪ್ಲೈವುಡ್ ಪೆಲ್ಮೆಟ್, ಅಂದರೆ ಪರದೆಯ ತಲೆ ಮುಚ್ಚುವ ಪೆಟ್ಟಿಗೆ, ಮಾಡಿಸಿದೆ. ಕಾದ ಗಾಳಿ ಮೇಲಿನಿಂದ ಕೋಣೆಗೆ ಸುರಿಯುವುದನ್ನು ಅದು ಸುಮಾರಾಗಿ ತಡೆಯುತ್ತದೆ.

ಮಕ್ಕಳ ಕೋಣೆಗೆ ಹೊರಗೆ ಬಿದಿರಿನ ಪರದೆ. ಬಿದಿರು ಹೆಣೆಯುವ ಮೇದಾರರ ಹತ್ತಿರ ಅಳತೆ ಕೊಟ್ಟು ಮಾಡಿಸಿದ್ದು. ಸಣ್ಣಗೆ ಸೀಳಿದ ಕಡ್ಡಿ, ಹಗ್ಗದ ನೇಯ್ಗೆ, ಹಿಂದೆ ದಪ್ಪ ಬಟ್ಟೆಯ ಪದರ. ರೋಲರ್‌ಗೆ ಕೊಟ್ಟ ದುಡ್ಡಿನ ಅರ್ಧವೂ ಆಗಲಿಲ್ಲ. ಅದನ್ನು ಸಜ್ಜಾದ ಹೊರ ಅಂಚಿನಿಂದ ಇಳಿಬಿಟ್ಟಿದ್ದೇವೆ. ಗಾಜಿಗೂ ಪರದೆಗೂ ನಡುವೆ ಒಂದೂವರೆ ಅಡಿ ಜಾಗ ಉಳಿಯುತ್ತದೆ, ಕಾದ ಗಾಳಿ ಹೊರಗೇ ಹಾರಿ ಹೋಗುತ್ತದೆ. ಕಿಟಕಿಗೆ ಹೊರಗಿನಿಂದ ಗ್ರಿಲ್ ಇರುವುದರಿಂದ ಹಗ್ಗವನ್ನು ಒಳಗಿನಿಂದಲೇ ಎಳೆಯಲು ಗ್ರಿಲ್‌ಗೆ ಒಂದು ಸಣ್ಣ ರಾಟೆ ಕಟ್ಟಿಸಬೇಕಾಯಿತು. ಈ ರಾಟೆಗಾಗಿ ಹಾರ್ಡ್‌ವೇರ್ ಅಂಗಡಿಗಳನ್ನು ಸುತ್ತಿದ್ದು ಬ್ಲೈಂಡ್ಸ್‌ಗೆ ಸುತ್ತಿದ್ದಕ್ಕಿಂತ ಜಾಸ್ತಿ.

ಎರಡೂ ಕೋಣೆಯ ಮೂಡಣ ಗೋಡೆಗೆ, ಬಿಸಿಲು ತಾಗದ ಎತ್ತರದಲ್ಲಿ ಒಂದೇ ಥರದ ಥರ್ಮಾಮೀಟರ್ ತೂಗುಹಾಕಿದೆ. ಎ.ಸಿ. ಹಾಕದ ದಿನಗಳಲ್ಲಿ ಐದು ಗಂಟೆಗೆ ನೋಡಿದರೆ ಮಕ್ಕಳ ಕೋಣೆ ಎರಡು ಡಿಗ್ರಿಯ ಹತ್ತಿರ ತಂಪು. ಕೇಳಲು ಸಣ್ಣ ಅಂಕಿ. ಆದರೆ ಕಿಟಕಿ ಪಕ್ಕ ಕೂತರೆ ವ್ಯತ್ಯಾಸ ಇನ್ನೂ ಜಾಸ್ತಿ ಅನಿಸುತ್ತದೆ. ಯಾಕೆಂದರೆ ಅಲ್ಲಿ ಗಾಜು ಕಾದಿರುವುದಿಲ್ಲ. ನಮ್ಮ ಕೋಣೆಯಲ್ಲಿ ರೋಲರ್ ಹಿಂದಿನ ಗಾಜು ಮುಟ್ಟುವ ಹಾಗಿರುವುದಿಲ್ಲ.

ಬಿದಿರಿಗೆ ಇನ್ನೊಂದು ಲಾಭ ಇದೆ. ಬೆಳಕು ಪೂರ್ತಿ ಹೋಗುವುದಿಲ್ಲ. ಬಟ್ಟೆಯ ಪದರ ದಾಟಿ ಜೇನುಬಣ್ಣದ ಬೆಳಕು ಬರುತ್ತದೆ, ಮಕ್ಕಳು ಲೈಟ್ ಹಾಕದೆ ಓದುತ್ತಾರೆ. ನಮ್ಮ ಕೋಣೆಯಲ್ಲಿ ಮಧ್ಯಾಹ್ನವೇ ಟ್ಯೂಬ್‌ಲೈಟ್.

ಏಪ್ರಿಲ್ ಕೊನೆ: ಕೂಲರ್ ತಕರಾರು

ಹಾಲ್‌ನಲ್ಲಿ ಕೂಲರ್ ಇದೆ. ಈ ಊರಲ್ಲಿ ಕೂಲರ್ ಇಲ್ಲದ ಮನೆ ಅಪರೂಪ. ಇಲ್ಲಿನ ಗಾಳಿ ಒಣ, ಒದ್ದೆ ಪ್ಯಾಡ್ ಚೆನ್ನಾಗಿ ಕೆಲಸ ಮಾಡುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಇದೇ ಕೂಲರ್ ಬರೀ ಫ್ಯಾನ್.

ತೊಡಕು ಎಲ್ಲಿ ಅಂದರೆ, ಕೂಲರ್ ಒಳಗೆ ತಳ್ಳಿದಷ್ಟು ಗಾಳಿ ಹೊರಗೆ ಹೋಗಲೂ ಬೇಕು. ಮನೆ ಪೂರ್ತಿ ಮುಚ್ಚಿದರೆ ತೇವ ತುಂಬಿ ಅಂಟಂಟು. ಯಾವುದಾದರೂ ಕಿಟಕಿ ತೆಗೆದಿಡಲೇಬೇಕು. ನಮ್ಮ ಕೋಣೆಯಲ್ಲಿ ರೋಲರ್ ಇಳಿಸಿ ಕಿಟಕಿ ತೆಗೆದರೆ ಬಟ್ಟೆ ಪಟಪಟ ಅಂತ ಗೋಡೆಗೆ ಬಡಿಯುತ್ತದೆ. ಮಕ್ಕಳ ಕೋಣೆಯಲ್ಲಿ ಆ ಗಲಾಟೆ ಇಲ್ಲ. ಸ್ಲೈಡಿಂಗ್ ತೆಗೆದು ಸೊಳ್ಳೆ ಜಾಲರಿ ಮಾತ್ರ ಬಿಟ್ಟರೆ ಗಾಳಿ ಬಿದಿರಿನ ಹಿಂದಿನ ಜಾಗದಿಂದ ಹೊರಗೆ ಹೋಗುತ್ತದೆ. ಬಿಸಿಲೂ ಇಲ್ಲ, ಉಸಿರುಗಟ್ಟುವುದೂ ಇಲ್ಲ. ಕೂಲರ್ ಇರುವ ಮನೆಯವರಿಗೆ ಹೊರಗಿನ ಪರದೆಯೇ ಸರಿ ಅನ್ನುವುದಕ್ಕೆ ನನ್ನ ಮಟ್ಟಿಗೆ ಇದೊಂದೇ ಕಾರಣ ಸಾಕು.

ನಮ್ಮ ಅತ್ತೆಯವರು ಲಾವಂಚದ ತಟ್ಟಿಯ ಮಾತು ತೆಗೆದರು. ಅವರ ತವರಲ್ಲಿ ಬಾಗಿಲಿಗೆ ಕಟ್ಟಿ ನೀರು ಚಿಮುಕಿಸುತ್ತಿದ್ದರಂತೆ. ಬಿಸಿಗಾಳಿ ಬೀಸುವ ಕಡೆ ಕಟ್ಟಿದರೆ ಅದು ಕರೆಂಟ್ ಇಲ್ಲದ ಕೂಲರ್, ಮೇಲಾಗಿ ಘಮಘಮ. "ನೀರು ಯಾರು ಹಾಕ್ತಾರ ಅತ್ತಿ, ದಿನಾ?" ಅಂತ ಕೇಳಿದರೆ "ನೀನೇ" ಅಂದರು. ನಲ್ಲಿ ನೀರು ಬಿಡುವ ದಿನವನ್ನು ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳುವ ಮನೆಯಲ್ಲಿ ಇದು ಆಗದ ಮಾತು. ಕೂಲರ್‌ನ ಒಂದು ಕಡೆಯ ಪ್ಯಾಡ್ ಮಾತ್ರ ಲಾವಂಚದ್ದು ಹಾಕಿದೆವು. ಅವರೂ ಖುಷಿ.

ಮೇ: ಗಾಳಿ, ಪಾರಿವಾಳ

ಮುಂಗಾರಿಗೆ ಮುಂಚೆ ಸಂಜೆ ಹೊತ್ತು ಏಳುವ ಗಾಳಿ-ಗುಡುಗಿನ ರಭಸ ಇಲ್ಲಿನವರಿಗೆ ಗೊತ್ತು. ಹೊರಗಿನ ಪರದೆಗೆ ಅದೇ ಪರೀಕ್ಷೆ. ಬಿದಿರಿನ ಕೆಳಗಿನ ಅಂಚಿಗೆ ಕಬ್ಬಿಣದ ಪೈಪ್ ಸೇರಿಸಿ, ಎರಡೂ ಮೂಲೆಯಿಂದ ನೈಲಾನ್ ಹಗ್ಗವನ್ನು ಗ್ರಿಲ್‌ನ ಕೆಳಭಾಗಕ್ಕೆ ಕಟ್ಟಿದ್ದೇವೆ. ಮೋಡ ಕಪ್ಪಾದರೆ ಮೇಲೆ ಸುತ್ತುವುದೇ ಒಳ್ಳೆಯದು. ಒದ್ದೆಯಾದ ಬಿದಿರನ್ನು ಸುತ್ತಿಟ್ಟರೆ ಬೂಷ್ಟು ಹಿಡಿಯುತ್ತದೆ, ಮರುದಿನ ಬಿಚ್ಚಿ ಒಣಗಿಸಬೇಕು. ಹೊರಮೈಗೆ ವಾರ್ನಿಷ್ ಎರಡು ಕೋಟ್ ಹೊಡೆಸಿದ್ದೇನೆ.

ಪಾರಿವಾಳಗಳ ವಿಷಯವನ್ನು ಮಾತ್ರ ಯಾರೂ ಮೊದಲೇ ಹೇಳಿರಲಿಲ್ಲ. ಸುತ್ತಿಟ್ಟ ಪರದೆಯ ಮೇಲೆ ಗೂಡು ಕಟ್ಟಲು ಅವಕ್ಕೆ ಎರಡು ದಿನ ಸಾಕು. ದಿನಕ್ಕೊಮ್ಮೆಯಾದರೂ ಇಳಿಸಿ ಏರಿಸಿದರೆ ಹತ್ತಿರ ಬರುವುದಿಲ್ಲ.

ಈಗಿನ ಸ್ಥಿತಿ

ನಮ್ಮ ಕೋಣೆಗೂ ಹೊರಗೆ ಬಿದಿರು ಹೇಳಿ ಆಗಿದೆ. ಒಳಗಿನ ರೋಲರ್ ಹಾಗೇ ಇರುತ್ತದೆ, ರಾತ್ರಿ ಬೀದಿದೀಪಕ್ಕೆ ಬೇಕು. ಹಾಲ್‌ಗೆ ತೆಂಕಣದಲ್ಲಿ ಹಳೆಯ ಹತ್ತಿ ಕರ್ಟನ್ ಸಾಕು. ಮೂಡಣ ಬಾಲ್ಕನಿಗೆ ಹಸಿರು ಶೇಡ್ ನೆಟ್, 75% ಬಿಸಿಲು ತಡೆಯುವಂಥದ್ದು. ಬೆಳಗಿನ ಎರಡು-ಮೂರು ಗಂಟೆಯ ಬಿಸಿಲಿಗೆ ಅದಕ್ಕಿಂತ ಜಾಸ್ತಿ ಖರ್ಚು ಮಾಡುವ ಮನಸ್ಸಿಲ್ಲ. ಕೆಳಗಿರುವ ತುಳಸಿ, ಮಲ್ಲಿಗೆ ಕುಂಡಗಳಿಗೂ ನೆರಳಾಯಿತು. ರಾತ್ರಿ ಹತ್ತರ ಮೇಲೆ ಹೊರಗಿನ ಗಾಳಿ ತಣ್ಣಗಾದಾಗ ಹೊರಗಿನ ಪರದೆ ಎತ್ತಿ, ಎಲ್ಲ ಕಿಟಕಿ ತೆಗೆಯುತ್ತೇವೆ. ಬೆಳಿಗ್ಗೆ ಎಂಟರೊಳಗೆ ಮತ್ತೆ ಮುಚ್ಚುತ್ತೇವೆ.

ಬಾಕಿ ಇರುವುದು ಓದುವ ಕೋಣೆಯ ಬಡಗಣ ಕಿಟಕಿ. ಜೂನ್‌ನಲ್ಲಿ ಸೂರ್ಯ ಮುಳುಗುವುದು ಪಡುವಣದಿಂದ ಸುಮಾರು 25 ಡಿಗ್ರಿ ಬಡಗಣಕ್ಕೆ. ಹಾಗಾಗಿ ಸಂಜೆ ಓರೆ ಬಿಸಿಲು ಸೀದಾ ಮೇಜಿನ ಮೇಲೆ ಬೀಳುತ್ತದೆ. ಪಕ್ಕದಿಂದ ಬರುವ ಈ ಬಿಸಿಲಿಗೆ ಅಡ್ಡ ಪಟ್ಟಿಗಿಂತ ಉದ್ದ ಪಟ್ಟಿಯ ವರ್ಟಿಕಲ್ ಬ್ಲೈಂಡ್ ಸರಿಹೋಗುತ್ತದೆ. ಪಟ್ಟಿಗಳನ್ನು ಬಡಗಣ-ಮೂಡಣಕ್ಕೆ ತಿರುಗಿಸಿದರೆ ಬಿಸಿಲು ತಡೆಯುತ್ತದೆ, ಬೆಳಕು ಉಳಿಯುತ್ತದೆ. ಅಳತೆ ತೆಗೆದಿಟ್ಟಿದ್ದೇನೆ. ಮುಂಗಾರು ಹೊತ್ತಿಗೆ ಸರಿಯಾಗಿ ಬಂದು ಮೋಡ ಕವಿದರೆ ಈ ಖರ್ಚು ಮುಂದಿನ ವರ್ಷಕ್ಕೆ. ತಡವಾದರೆ ಜೂನ್ ಎರಡನೇ ವಾರ ಆರ್ಡರ್.